ದೇವರ ಜಗಲಿ ಮೇಲೆ ಕೂತ ತಾರೀಕು

"ಅವತ್ತ ನನ್ನ ಕಣ್ಣಿನ ಆಪರೇಶನ್ ಐತೋ ತಮ್ಮಾ! ಮೊದಲ ಹೇಳಬಾರ್ದನ?"

ಯಲಬುರ್ಗಾ ಕಡೆಯ ಮಂಗಳೂರಿನಲ್ಲಿರುವ ನಮ್ಮಕ್ಕನ ಮನೆಗೆ ಹೋಗಿದ್ದಾಗ, ನನ್ನ ಮಗಳ ಮದುವೆಯ ತಾರೀಕು ನನ್ನ ಬಾಯಿಗೆ ಬಂದ ಕೂಡಲೇ ಅಕ್ಕ ಹೀಗೆಂದಳು. ನಾನು ತಬ್ಬಿಬ್ಬಾದೆ. ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ ಎಂದು ಎರಡು ತಿಂಗಳ ಹಿಂದೆಯೇ ಎಲ್ಲ ನೆಂಟರಿಗೂ ತಿಳಿಸಿದ್ದೆನಲ್ಲ!

ಗಂಗಾವತಿಯಲ್ಲಿ ನನ್ನದು ಅಕ್ಕಿ ವ್ಯಾಪಾರ. ದುಬಾರಿ ಕಾರ್ಡು ಯಾಕೆ ಎಂದು ಅಂಗಡಿಯ ಸ್ಯಾಂಪಲ್ ಪೊಟ್ಟಣಗಳಲ್ಲೇ ಅರಿಶಿನ ಹಚ್ಚಿದ ಅಕ್ಕಿ ತುಂಬಿ, ಒಳಗೆ ತಾರೀಕಿನ ಚೀಟಿ ಇಟ್ಟು ಕಳಿಸಿದ್ದೆ. ಇಂಥ ಉಪಾಯ ಯಾರಿಗೂ ಹೊಳೆಯದು ಎಂದು ಬೀಗಿದ್ದೆ ಕೂಡ.

ಅಕ್ಕ ದೇವರ ಜಗಲಿಯತ್ತ ಕೈ ತೋರಿಸಿದಳು. ನನ್ನ ಪೊಟ್ಟಣ ಕುಂಕುಮ ಹಚ್ಚಿಸಿಕೊಂಡು, ಕಟ್ಟಿದ ದಾರದ ಸಮೇತ ಅಲ್ಲಿ ಕೂತಿತ್ತು.

"ಅಕ್ಕಿಕಾಳು ಮದುವಿ ದಿನಾ ಹಾಕೋದು. ಅದನ್ನ ಮೊದಲ ಯಾರರ ಬಿಚ್ಚತಾರೇನೋ ಶಾಣ್ಯಾ?"

ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಹಚ್ಚಿದೆ. ವ್ಯಾಪಾರದಲ್ಲಿ ಕಲಿತ ಮಾತನ್ನೆಲ್ಲ ಖರ್ಚು ಮಾಡಿ, ಆಪರೇಶನ್ ಹದಿನೈದು ದಿನ ಮುಂಚೆಯೇ ಮಾಡುವಂತೆ ಒಪ್ಪಿಸಿದೆ. ಆಮೇಲೆ ಉಳಿದ ನೆಂಟರನ್ನು ವಿಚಾರಿಸಿದರೆ, ಪೊಟ್ಟಣ ಬಿಚ್ಚಿದವರು ಒಬ್ಬರೂ ಇರಲಿಲ್ಲ. ಎಲ್ಲರಿಗೂ ಬಾಯಲ್ಲೇ ಹೇಳಿದೆ.

ನಿಮ್ಮ ಕಾರ್ಡು ಎಷ್ಟೇ ಹೊಸ ಬಗೆಯದಾಗಿರಲಿ, ತಾರೀಕು ಹೊರಗೇ ಕಾಣುವಂತೆ ಬರೆಸಿ. ಹಿರಿಯರಿಗೆ ಒಂದು ಫೋನೂ ಮಾಡಿ. ಮದುವೆಯ ದಿನ ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಳು. ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಫೋಟೋದಾಗ ಮಬ್ಬ ಕಂಡಿದ್ದ, ಹುಡುಗ ಛಲೋ ಅದಾನ ಬಿಡು" ಎಂದಳು.