ಫಿರದೋಸ ಲ್ಯಾಪ್‌ಟಾಪ್ ಆರಿಸಿದ್ದು

ಸಿಂದಗಿಯಲ್ಲಿ ಲ್ಯಾಪ್‌ಟಾಪ್ ಮಾರುವ ಪ್ರೇಮಕುಮಾರನ ಹೆಸರು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವನೇನು ಕಳ್ಳನಲ್ಲ, ಸುಳ್ಳು ಮಾಲು ಕೊಟ್ಟವನೂ ಅಲ್ಲ. ಗಿರಾಕಿ ಎದುರಿಗೇ ನಿಂತಿದ್ದರೂ ಅವಳ ಪಕ್ಕದ ಗಂಡಸಿನ ಮುಖ ನೋಡಿ ಮಾತಾಡಿದ, ಅಷ್ಟೇ. ಅಷ್ಟರಿಂದಲೇ ಫಿರದೋಸಳ ಅನ್ನಕ್ಕೆ ಕಲ್ಲು ಬೀಳುವುದರಲ್ಲಿತ್ತು.

ನಾನು ರೇಣುಕಾ, ಮದುವಣಗಿತ್ತಿಯರಿಗೂ ಬಸುರಿಯರಿಗೂ ಸೀರೆ ಉಡಿಸಿ ಅಲಂಕಾರ ಮಾಡುವವಳು. ಫಿರದೋಸ ಅವರ ಫೋಟೋ ತೆಗೆಯುವವಳು. ನಮ್ಮಿಬ್ಬರದು ಜೋಡಿ ಕೆಲಸ. ಕುಬಸದ ದಿನ, ಅಂದರೆ ಏಳನೇ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಉಡಿ ತುಂಬುವ ದಿನ, ನಡುಮನೆಯಲ್ಲಿ ಹೆಂಗಸರದ್ದೇ ರಾಜ್ಯ. ಹಾಡುತ್ತಾರೆ, ಚೇಷ್ಟೆ ಮಾಡುತ್ತಾರೆ, ಸೆರಗು ಜಾರಿದರೂ ಯಾರಿಗೂ ಖಬರಿರುವುದಿಲ್ಲ. ಕ್ಯಾಮೆರಾ ಹಿಡಿದ ಗಂಡಸು ಒಳಗೆ ಬಂದರೆ ಮಾತ್ರ ಎಲ್ಲರೂ ಕಂಬದಂತೆ ನಿಂತುಬಿಡುತ್ತಾರೆ. ಅದಕ್ಕೇ ಇಂಡಿಯಿಂದ ಮುದ್ದೇಬಿಹಾಳದವರೆಗೂ ಫಿರದೋಸಳನ್ನು ಕರೆಯುತ್ತಿದ್ದರು. ಫೋಟೋ ತಿದ್ದಲು ಮಾತ್ರ ಅವಳು ಯಾರದೋ ಸ್ಟುಡಿಯೋದ ಕಂಪ್ಯೂಟರಿಗೆ ಕಾಯಬೇಕಿತ್ತು. ನಡುಮನೆಯ ಆ ಚಿತ್ರಗಳು ಪರಗಂಡಸರ ಕಂಪ್ಯೂಟರಿನಲ್ಲಿ ಉಳಿಯುವುದು ಅವಳಿಗೆ ಸುತರಾಂ ಹಿಡಿಸುತ್ತಿರಲಿಲ್ಲ. ಎರಡು ವರ್ಷ ದುಡ್ಡು ಕೂಡಿಸಿ ಸ್ವಂತ ಲ್ಯಾಪ್‌ಟಾಪ್ ಕೊಳ್ಳಲು ಹೊರಟಳು.

ಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಿದ್ದಳು. ಹದಿನಾರು ಜಿಬಿ ರ‍್ಯಾಮ್, ದೊಡ್ಡ ಫೋಟೋ ಬೇಗ ತೆರೆಯುವಂಥ ಎಸ್‌ಎಸ್‌ಡಿ, ಎಲ್ಲಕ್ಕಿಂತ ಮುಖ್ಯವಾಗಿ ಬಣ್ಣವನ್ನು ಇದ್ದಂತೆ ತೋರಿಸುವ ಪರದೆ. ಟಂಟಂ ಆಟೋ ಓಡಿಸುವ ಅವಳಣ್ಣ ಫಯಾಜ ಜೊತೆಗೆ ಬಂದ. ನಾನೂ ಹೋದೆ.

"ಇದರಾಗ ಬಣ್ಣ ಖರೇ ಕಾಣ್ತಾವೇನ್ರಿ?" ಎಂದು ಫಿರದೋಸ ಕೇಳಿದಳು.

ಪ್ರೇಮಕುಮಾರ ಫಯಾಜನ ಕಡೆ ತಿರುಗಿದ. "ನೋಡ್ರಿ ಸಾಹೇಬ್ರ, ನಿಮ್ಮ ತಂಗಿಗೆ ಇದ ಭಾಳ ಆತು. ಹ್ಯಾಂಗ ಹೊಳೀತೈತಿ ನೋಡ್ರಿ. ತೆಳ್ಳಗೈತಿ, ಹೊಸಾದೈತಿ, ನಿಮ್ಮ ರೊಕ್ಕದಾಗ ಬರ್ತೈತಿ."

ಅವಳು ಮತ್ತೆ ಕೇಳಿದಳು. ಅವನು ಮತ್ತೆ ಫಯಾಜನಿಗೆ ಉತ್ತರ ಕೊಟ್ಟ. ಅಷ್ಟರಲ್ಲಿ ಚಹಾ ಬಂತು. ನಮ್ಮ ಕಡೆ ಅಂಗಡಿಯವನು ತರಿಸಿದ ಚಹಾವನ್ನು ಮನೆಯ ಹಿರಿಯ ಕುಡಿದನೆಂದರೆ ವ್ಯವಹಾರ ಕುದುರಿತು ಎಂದೇ ಅರ್ಥ. ಫಯಾಜ ಕಪ್ ಖಾಲಿ ಮಾಡಿ, "ಹೂಂ, ಕಟ್ರಿ" ಅಂದ. ಚೀಟಿ ಫಿರದೋಸಳ ಮುಷ್ಟಿಯಲ್ಲೇ ಉಳಿಯಿತು.

ಹೊರಗೆ ಬಂದು ನಾನು ಅವನ ಮೇಲೆ ಹರಿಹಾಯ್ದೆ. "ಚಹಾ ಕುಡದಮ್ಯಾಲೆ ಬ್ಯಾಡ ಅನ್ನೂದು ಹ್ಯಾಂಗಕ್ಕಾ?" ಎಂದು ಅವನು ನನ್ನನ್ನೇ ಕೇಳಿದ. ಎರಡು ಗುಟುಕು ಚಹಾಕ್ಕೆ ಎರಡು ವರ್ಷದ ದುಡಿಮೆ! ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು.

ಹೊಸ ಲ್ಯಾಪ್‌ಟಾಪಿನಲ್ಲಿ ತಿದ್ದಿದ ಮೊದಲ ಆಲ್ಬಮ್ ಯಂಕಂಚಿಯ ಸೋಮನಿಂಗನ ಸೊಸೆ ಮಾಲಾಳ ಕುಬಸದ್ದು. ಪರದೆ ವಿಪರೀತ ಬೆಳಕು ಕಾರುತ್ತಿತ್ತು. ಚಿತ್ರಗಳೆಲ್ಲ ಬೆಳ್ಳಗೆ ಕಂಡಿದ್ದರಿಂದ ಫಿರದೋಸ ಒಂದೊಂದರ ಬೆಳಕನ್ನೂ ತಗ್ಗಿಸಿದಳು. ಪರದೆಯ ಮೇಲೆ ಎಲ್ಲ ಚೆಂದವಾಗಿಯೇ ಇತ್ತು. ಆಲ್ಬಮ್ ವಿಜಯಪುರದಲ್ಲಿ ಅಚ್ಚಾಗಿ ಬಂತು. ಡಬ್ಬಿ ಮನೆಯವರ ಕೈಯಿಂದಲೇ ಬಿಚ್ಚಿಸುವುದು ಅವಳ ರೂಢಿ, ಹಾಗಾಗಿ ನಾವು ತೆರೆದು ನೋಡದೆ ಯಂಕಂಚಿಗೆ ಒಯ್ದೆವು.

ಸೋಮನಿಂಗನ ತಾಯಿ ಗುಂಡವ್ವ ಮೊದಲ ಹಾಳೆ ತಿರುವಿದಳು. ಪರದೆ ನಂಬಿ ಬೆಳಕು ತಗ್ಗಿಸಿದ್ದೆಲ್ಲ ಹಾಳೆಯ ಮೇಲೆ ಕತ್ತಲಾಗಿ, ಅಚ್ಚ ಹಸಿರು ಇಳಕಲ್ ಸೀರೆ ಕಪ್ಪಗೆ ಬಂದಿತ್ತು. ಬಳೆಗಳೂ ಕಪ್ಪು.

"ಏಳು ತಿಂಗಳ ಬಸರಿಗೆ ಕರೀ ಸೀರಿ ಉಡಿಸೀರೇನು?" ಎಂದು ಮುದುಕಿ ಆಲ್ಬಮ್ ದೂಡಿದಳು. "ಕೂಸಿನ್ನೂ ಹೊಟ್ಯಾಗೈತಿ. ಇದನ್ನ ನನ್ನ ಮನ್ಯಾಗ ಇಡಬ್ಯಾಡ್ರಿ."

ಆ ಸೀರೆ ಉಡಿಸಿದ್ದು ನಾನು. ಅದರ ಹಸಿರು ನನ್ನ ಕಣ್ಣಲ್ಲಿತ್ತು. ಆದರೆ ಹಾಳೆಯ ಮುಂದೆ ನನ್ನ ಕಣ್ಣಿಗೇನು ಬೆಲೆ? ಸೋಮನಿಂಗ, "ಹೆಣ್ಮಕ್ಕಳ ಕೈಯಾಗ ಮಷಿನ್ ಕೊಟ್ಟರ ಇಷ್ಟ" ಎಂದು ಎದ್ದು ಹೋದ.

ಫಿರದೋಸ ಮಾತ್ರ ಕದಲಲಿಲ್ಲ. "ಮಾಲಾ ಹಡ್ಯಾಕ ತವರಿಗೆ ಹೋಗೂದ್ರಾಗ ಬ್ಯಾರೆ ಆಲ್ಬಮ್ ಕೊಡ್ತೇನ್ರಿ ಆಯಿ. ಆ ಸೀರಿ ನಾಕು ದಿನ ಕೊಡ್ರಿ" ಅಂದಳು. ಗುಂಡವ್ವ ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟಳು. ನಾವು ಸಿಂದಗಿ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ಬಸವನ ಬಾಗೇವಾಡಿಯ ಒಂದು ಕುಬಸ, ತಂಗಡಗಿಯ ಇನ್ನೊಂದು, ಎರಡೂ ಕೈತಪ್ಪಿದವು. ಎರಡನೇ ಆಲ್ಬಮ್ಮೂ ಕೆಟ್ಟರೆ ಅವಳನ್ನು ಯಾವ ಮನೆಯವರೂ ಹೊಸ್ತಿಲೊಳಗೆ ಕರೆಯುವುದಿಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು.

ಮರುದಿನ ಅವಳು ಸೀರೆಯನ್ನು ಬಾಗಿಲ ಬೆಳಕಿನಲ್ಲಿ ಹರವಿ ಫೋಟೋ ತೆಗೆದಳು. ಹೆಂಗಸರಿದ್ದ ಒಂದು ಚಿತ್ರವನ್ನೂ ಅಂಗಡಿಗೆ ಒಯ್ಯಲಿಲ್ಲ. ಸೀರೆ, ಸೀರೆಯ ಫೋಟೋ, ಹೊಳೆಯುವ ಆ ಲ್ಯಾಪ್‌ಟಾಪು, ಇಷ್ಟೇ ಹಿಡಿದು ಹೊರಟೆವು. ಫಯಾಜನೂ ತಲೆ ತಗ್ಗಿಸಿಕೊಂಡು ಬಂದ.

ಅವಳು ಗಲ್ಲಾಪೆಟ್ಟಿಗೆಯ ಮುಂದಿನ ಮೇಜಿನ ಮೇಲೆ ಸೀರೆ ಹಾಸಿದಳು. ಪ್ರೇಮಕುಮಾರ ನಕ್ಕು, "ಇದೇನ್ರಿ ಸಾಹೇಬ್ರ, ನಂದೇನ ಬಟ್ಟಿ ಅಂಗಡೀನ? ಇರ್ಲಿ, ಚಹಾ ತರಸ್ಲಿ?" ಅಂದ.

"ನಮ್ಮಣ್ಣಗ ತರಸ್ರಿ. ತಗೊಳ್ಳಾಕಿ ನಾನು, ನಾ ಕುಡ್ಯಾಂಗಿಲ್ಲ" ಎಂದಳು ಫಿರದೋಸ. "ಅಣ್ಣಾ, ನೀ ಎಷ್ಟ ಕಪ್ ಬೇಕಾರ ಕುಡಿ. ಮಾತು ಮಾತ್ರ ನಾ ಆಡ್ತೇನಿ."

ಪ್ರೇಮಕುಮಾರನ ನಗು ನಿಂತಿತು. ನನಗೆ ಹೊಟ್ಟೆ ತಣ್ಣಗಾಯಿತು.

ಒಂದೊಂದೇ ಲ್ಯಾಪ್‌ಟಾಪಿನಲ್ಲಿ ಅದೇ ಫೋಟೋ ತೆರೆದು ಸೀರೆಯ ಪಕ್ಕ ಇಟ್ಟು ನೋಡಿದಳು. ಒಂದರಲ್ಲಿ ಹಸಿರು ನೀಲಿಗೆ ತಿರುಗಿತ್ತು, ಇನ್ನೊಂದರಲ್ಲಿ ಒಣಗಿದ ಮೇವಿನಂತಿತ್ತು, ಮತ್ತೊಂದರಲ್ಲಿ ಪಕ್ಕಕ್ಕೆ ಸರಿದು ನೋಡಿದರೆ ಕಪ್ಪಾಗುತ್ತಿತ್ತು. ಸರಿಯಾಗಿದ್ದ ಹೊಸದೊಂದರ ಬೆಲೆ ನಮ್ಮ ಕೈಗೆ ನಿಲುಕುವಂತಿರಲಿಲ್ಲ. ಆಗ ಅವಳು ಮೇಲಿನ ಹಲಗೆಯಲ್ಲಿದ್ದ ಒಂದು ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದಳು.

"ಅದು ಹಳೇದ್ರಿ. ಯಾವದೋ ಆಫೀಸದಾಗ ವಾಪರಿಸಿ ಬಿಟ್ಟದ್ದು. ದಪ್ಪೈತಿ, ನಿಮಗ್ಯಾಕ?"

"ತಗೀರಿ."

ಕೀಲಿಗಳ ಮೇಲಿನ ಅಕ್ಷರಗಳು ಅಳಿಸಿಹೋಗಿದ್ದವು. ಪರದೆಗೆ ಹೊಳಪಿರಲಿಲ್ಲ. ಫೋಟೋ ತೆರೆದು, ಬೆಳಕು ತಗ್ಗಿಸಿ, ಅತ್ತ ಇತ್ತ ಸರಿದು ನೋಡಿದೆವು. ಎಲ್ಲಿಂದ ನೋಡಿದರೂ ಸೀರೆಯದೇ ಹಸಿರು. ಹೊಸದನ್ನು ವಾಪಸು ಕೊಟ್ಟು, ರ‍್ಯಾಮ್ ಹದಿನಾರಕ್ಕೆ ಏರಿಸಿಕೊಂಡು, ಅರ್ಧ ತಾಸು ಜಗಳಾಡಿ ಅದನ್ನೇ ತಂದಳು. ಈ ಸಲ ಒಂದು ಹಾಳೆ ಮೊದಲು ಅಚ್ಚು ಹಾಕಿಸಿ, ಸೀರೆಗೆ ಹಿಡಿದು ನೋಡಿ, ಆಮೇಲೆ ಉಳಿದದ್ದನ್ನು ಕಳಿಸಿದಳು.

ಯಂಕಂಚಿಯಲ್ಲಿ ಗುಂಡವ್ವ ಹೊಸ ಆಲ್ಬಮ್ಮನ್ನು ಮಾಲಾಳ ಜೊತೆ ಕೂತು ಹಾಳೆ ಹಾಳೆ ತಿರುವಿದಳು. ಹಸಿರು ಹಸಿರಾಗಿಯೇ ಇತ್ತು. ಮಾಲಾ ತನ್ನದೇ ನಗು ನೋಡಿ ನಾಚಿಕೊಂಡಳು. ಸೋಮನಿಂಗ ಇಣುಕಿ ನೋಡಿ ಬಾಗಿಲಲ್ಲಿ ನಿಂತಿದ್ದ ಫಯಾಜನ ಹೆಗಲಿಗೆ ಕೈ ಹಾಕಿದ.

"ಛಲೋ ಮಾಡಿಸೀಯಪಾ ಫಯಾಜ. ಬರೂ ಬುಧವಾರ ಹೊರ್ತಿಯೊಳಗ ನಮ್ಮ ಮಗಳ ಕುಬಸೈತಿ. ತಂಗೀನ ಕಳಸ್ತೀಯೇನು?"

ಫಯಾಜ ಬಾಯಿ ತೆರೆಯುವ ಮೊದಲೇ ಫಿರದೋಸ, "ಬುಧವಾರ ನಾ ಖಾಲಿ ಇಲ್ರಿ" ಅಂದಳು.

ಬುಧವಾರ ಅವಳಿಗೆ ಯಾವ ಕೆಲಸವೂ ಇರಲಿಲ್ಲ. ಆ ತಿಂಗಳಿಡೀ ಇರಲಿಲ್ಲ. ಅದು ನನಗೆ ಗೊತ್ತಿತ್ತು.

"ಹಿಂಗಾದ್ರ ಹ್ಯಾಂಗೋ?" ಎಂದು ಸೋಮನಿಂಗ ಮತ್ತೆ ಫಯಾಜನನ್ನೇ ಕೇಳಿದ.

"ನೀ ಸುಮ್ಮನಿರೋ" ಎಂದು ಗುಂಡವ್ವ ಗದರಿದಳು. ಆಮೇಲೆ ಫಿರದೋಸಳ ಕಡೆ ತಿರುಗಿ ಕೇಳಿದಳು. "ನೀ ಹೇಳವ್ವಾ, ನಿನಗ ಯಾವತ್ತ ಆಕ್ಕೈತಿ? ಕುಬಸ ಆವತ್ತ ಇಡ್ತೇವಿ."

ಫಿರದೋಸ ಗುಂಡವ್ವನ ಹತ್ತಿರ ಸರಿದು ಕೂತಳು.

"ಗುರುವಾರ ಬರ್ತೇನ್ರಿ ಆಯಿ" ಅಂದಳು.