ಬಂದ ದಿನ ಕರೆಂಟ್ ಕೊಡದವರು

ಅವರ ಎಡಗೈ ಹೆಬ್ಬೆರಳಿನ ಮೇಲೆ, ಉಗುರಿನ ಬುಡದಲ್ಲಿ, ಅಕ್ಕಿಕಾಳಿನಷ್ಟು ದೊಡ್ಡದಾದ ಒಂದು ಬಿಳಿ ಸುಟ್ಟ ಕಲೆ ಇತ್ತು. ಜೀವಮಾನವೆಲ್ಲ ಬೆಸುಗೆ ಹಾಕುವ ಕಡ್ಡಿ ಹಿಡಿದ ಮನುಷ್ಯ. ಮೊಣಕೈವರೆಗೂ ಅಂಥ ಚುಕ್ಕಿಗಳಿದ್ದವು. ಆದರೆ ಅವೆಲ್ಲ ಅವರೇ ಮಾಡಿಕೊಂಡವು. ಹೆಬ್ಬೆರಳಿನದು ಮಾತ್ರ ಸೊರಬದ ನಮ್ಮ ಮನೆಯಲ್ಲಿ, ನಮ್ಮ ಊಟದ ಮೇಜಿನ ಮೇಲೆ, ನನ್ನ ತಮ್ಮನ ಕೈಯಿಂದ ಆದದ್ದು.

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ರಿಪೇರಿ ಅಂಗಡಿ. ಊರಿಗೆಲ್ಲ ಅವರು ರೇಡಿಯೋ ಅಜ್ಜ. ರೇಡಿಯೋ ಹೋಗಿ ಟಿವಿ ಬಂದು, ಡಬ್ಬಾ ಟಿವಿ ಹೋಗಿ ಗೋಡೆಗೆ ನೇತುಹಾಕುವ ಟಿವಿ ಬಂದರೂ ಹೆಸರು ಬದಲಾಗಲಿಲ್ಲ. ನಾನು ಅವರ ಬಳಿ ಹೋದದ್ದು ಒಂದು ಸುಟ್ಟ ವಿಡಿಯೋ ಗೇಮ್ ಸೆಟ್ ಹಿಡಿದುಕೊಂಡು. ನಲವತ್ತು ದಾಟಿದ ಹೆಂಗಸು, ಹೈಸ್ಕೂಲಿನಲ್ಲಿ ವಿಜ್ಞಾನದ ಲ್ಯಾಬ್ ನೋಡಿಕೊಳ್ಳುವವಳು, ವಿಡಿಯೋ ಗೇಮ್ ಹಿಡಿದು ಓಣಿ ಓಣಿ ಅಲೆಯುವುದೆಂದರೆ ಜನ ನಗುತ್ತಾರೆ. ಅದಕ್ಕೇ ಮೊದಲ ದಿನವೇ ಸುಳ್ಳು ಹೇಳಿದೆ. ಅಕ್ಕನ ಮಕ್ಕಳಿಗೆ ಅಂದೆ. ನನಗೆ ಅಕ್ಕನೇ ಇಲ್ಲ.

ನಿಜವಾಗಿ ಅದು ನನ್ನ ತಮ್ಮನಿಗಾಗಿ. ಅವನು ಸೊರಬ–ಶಿಕಾರಿಪುರ ನಡುವೆ ಓಡಾಡುವ ಬಸ್ಸಿನ ಕಂಡಕ್ಟರ್ ಆಗಿದ್ದ. ಮೂವತ್ತಾರಕ್ಕೇ ಸ್ಟ್ರೋಕ್ ಆಗಿ ಬಲಗೈ ಮಡಚಿಕೊಂಡಿತು. ಕಾಲು ಆರು ತಿಂಗಳಲ್ಲಿ ಒಂದು ಹದಕ್ಕೆ ಬಂತು, ಮಾತೂ ಬಂತು, ಕೈ ಮಾತ್ರ ಬರಲಿಲ್ಲ. ವ್ಯಾಯಾಮ ಹೇಳಿಕೊಡುವವರು ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಹಿಸುಕಲು ಹೇಳಿದರು. ಅವನು ಅದನ್ನು ಕಿಟಕಿಯಿಂದ ಪಕ್ಕದ ಮನೆಯ ಹಟ್ಟಿಗೆ ಎಸೆದ, ಎಡಗೈಯಲ್ಲಿ. ಮನೆಗೆ ಯಾರು ಬಂದರೂ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ನಾನೇ ಅಂಗಿಯ ಗುಂಡಿ ಹಾಕುತ್ತಿದ್ದೆ, ನಾನೇ ಕಲಸಿ ತಟ್ಟೆ ಮುಂದಿಡುತ್ತಿದ್ದೆ. ಒಂದು ವರ್ಷದೊಳಗೆ ಬೆರಳು ಹಿಡಿತಕ್ಕೆ ಬರದಿದ್ದರೆ ಆಮೇಲೆ ಕಷ್ಟ ಅಂತ ಡಾಕ್ಟರು ಹೇಳಿದ್ದರು. ಆಗಲೇ ಎಂಟು ತಿಂಗಳು ಕಳೆದಿತ್ತು.

ಚಿಕ್ಕವರಿದ್ದಾಗ ರಜೆಗೆ ಶಿಕಾರಿಪುರದ ಸೋದರಮಾವನ ಮನೆಗೆ ಹೋದರೆ ಅವನನ್ನು ಹುಡುಕಬೇಕಾದದ್ದು ಒಂದೇ ಕಡೆ, ಗಂಟೆಯ ಲೆಕ್ಕದಲ್ಲಿ ವಿಡಿಯೋ ಗೇಮ್ ಆಡಿಸುವ ಅಂಗಡಿಯಲ್ಲಿ. ಆ ಹೆಬ್ಬೆರಳಿನ ಚುರುಕು ನನಗೆ ನೆನಪಿತ್ತು. ಕುಪ್ಪಗಡ್ಡೆಯಲ್ಲಿ ಒಬ್ಬರು, ಹಡಗಿನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದು ಬಂದವರು, ಜಪಾನಿನಿಂದ ತಂದ ಹಳೆಯ ಗೇಮ್‌ಗಳನ್ನು ಕೊಡುತ್ತಾರಂತೆ ಎಂದು ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಹೇಳಿದರು. ಹೋಗಿ ನೋಡಿದರೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ, ಒಂದು ಸೆಟ್ಟು, ಎರಡು ರಿಮೋಟು, ಮೂವತ್ತೊಂದು ಕ್ಯಾಸೆಟ್ಟು. ಎಲ್ಲದರ ಮೇಲೂ ಜಪಾನಿ ಬರಹ. ಅವರ ಹೆಂಡತಿ ನನ್ನ ಕೈ ಹಿಡಿದು, "ತಗಂಡ್ ಹೋಗಿ ಪುಣ್ಯ ಕಟ್ಕಳಿ, ಕಪಾಟು ತುಂಬ ಇದೇ ಅದೆ" ಅಂದರು.

ಆ ಸಂಜೆಯೇ ನಾನು ಮಾಡಬಾರದ್ದನ್ನು ಮಾಡಿದೆ. ನಮ್ಮ ಕಡೆ ಕರೆಂಟಿನ ಹಣೆಬರಹ ಗೊತ್ತಲ್ಲ, ಸಂಜೆಯಾದರೆ ಬಲ್ಬು ಕೆಂಪಗೆ ಮಿಣುಕುತ್ತದೆ, ಮಿಕ್ಸಿ ಗೊಣಗುತ್ತದೆ. ಹಾಗಾಗಿ ಬೆಲೆಬಾಳುವ ಸಾಮಾನು ಬಂತೆಂದರೆ ಮೊದಲು ಅದಕ್ಕೊಂದು ಸ್ಟೆಬಿಲೈಸರ್ ಹುಡುಕುವುದು ನಮ್ಮ ಪದ್ಧತಿ. ನಾನು ಫ್ರಿಜ್ಜಿನ ಸ್ಟೆಬಿಲೈಸರನ್ನೇ ಕಿತ್ತು ತಂದು ಈ ಸೆಟ್ಟಿಗೆ ಹಾಕಿದೆ. ಜಪಾನಿನ ಸೆಟ್ಟಿಗೆ ಬೇಕಾದದ್ದು ನೂರು ವೋಲ್ಟು. ನಮ್ಮ ಬಡಕಲು ಕರೆಂಟೇ ಅದಕ್ಕೆ ಹೆಚ್ಚು. ನನ್ನ ಸ್ಟೆಬಿಲೈಸರ್ ಅದನ್ನು ಇನ್ನೂರಮೂವತ್ತಕ್ಕೆ ಏರಿಸಿ ಕೊಟ್ಟಿತು. ಚಟ್ ಅಂತು, ಮೀನು ಸೀದ ಹಾಗೆ ವಾಸನೆ ಬಂತು. ತಮ್ಮ ಒಳಕೋಣೆಯಿಂದ ಬಂದು ಒಂದು ಸಲ ನೋಡಿ ವಾಪಸ್ ಹೋದ. ಶಾಲೆಯ ಲ್ಯಾಬಿನಲ್ಲಿ 'ವೋಲ್ಟ್ ನೋಡಿಯೇ ಸ್ವಿಚ್ ಹಾಕಿ' ಎಂದು ಚೀಟಿ ಬರೆದು ಅಂಟಿಸಿದವಳು ನಾನೇ.

ಇದನ್ನು ಕೇಳಿ ರೇಡಿಯೋ ಅಜ್ಜ ನಕ್ಕರು. "ಕರೆಂಟ್ ಸಾಲದೆ ಸತ್ತ ಸೆಟ್ ಬೇಕಾದಷ್ಟು ನೋಡೀನಿ ತಂಗಿ. ಉಪಚಾರ ಜಾಸ್ತಿ ಆಗಿ ಸತ್ತಿದ್ದು ಇದೇ ಮೊದಲು."

ಅವರದೊಂದು ನೇಮವಿತ್ತು. ಯಾವ ಯಂತ್ರ ಬಂದರೂ ಬಂದ ದಿನ ಅದಕ್ಕೆ ಕರೆಂಟ್ ಕೊಡುತ್ತಿರಲಿಲ್ಲ. ಬಿಚ್ಚಿ, ಬ್ರಷ್ಷಿನಲ್ಲಿ ಧೂಳು ಕೊಡವಿ, ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿ, ಬಿಳಿ ಬಟ್ಟೆಯ ಮೇಲೆ ಇಟ್ಟುಬಿಡುತ್ತಿದ್ದರು. "ಬಿಸಿಲಾಗ ಬಂದ ನೆಂಟರಿಗೆ ನೀರು ಕೊಡ್ತೀವಿ. ಬಂದ ಕೂಡ್ಲೆ ಕೆಲಸ ಹಚ್ತೀವೇನು?" ಎನ್ನುವುದು ಅವರ ಮಾತು. ಮೂಸಿಯೇ ಅದು ಯಾವ ಮನೆಯದೆಂದು ಹೇಳುತ್ತಿದ್ದರು: ಇದು ಒಲೆ ಹೊಗೆ ಕುಡಿದದ್ದು, ಇದು ಕುರಿ ಸಾಕುವವರ ಮನೆಯದು, ಇದರೊಳಗೆ ಜಿರಲೆ ಸಂಸಾರ ಮಾಡಿದೆ. ನನ್ನ ಸೆಟ್ಟು ಮೂಸಿ, "ಇದು ಉಪ್ಪು ಗಾಳಿ ಉಂಡೈತಿ" ಅಂದರು. ನಾನು ಹಡಗಿನ ವಿಷಯ ಹೇಳಿಯೇ ಇರಲಿಲ್ಲ.

ನಾನು ಸ್ವಭಾವದಲ್ಲೇ ಅವಸರದವಳು. ಶಾಲೆಯಲ್ಲಿ ಮಕ್ಕಳು ನಿಧಾನ ಮಾಡಿದರೆ ಅವರ ಕೈಯಿಂದ ಪ್ರನಾಳ ಕಸಿದು ನಾನೇ ಪ್ರಯೋಗ ಮುಗಿಸುತ್ತಿದ್ದೆ. ಅಂಥವಳನ್ನು ಅಜ್ಜ ವಾರ ವಾರ ಕಾಯಿಸಿದರು. ಇವತ್ತು ಧೂಳು, ಮುಂದಿನ ವಾರ ತುಕ್ಕು, ಅದರ ಮುಂದಿನ ವಾರ ಬಿಡಿಭಾಗ ಬಂದಿಲ್ಲ. ಐದನೇ ವಾರ ಹೋದಾಗ ಅವರು ಬೋರ್ಡಿನ ಮೇಲೆ ಬಗ್ಗಿ ಕೂತಿದ್ದರು. ಕಡ್ಡಿಯ ತುದಿ ನಡುಗುತ್ತಿತ್ತು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು, ಆಗ ಎರಡೂ ನಡುಗಿದವು. ಬೆಸುಗೆಯ ಹನಿ ಎಲ್ಲಿಗೋ ಬಿತ್ತು.

ನನ್ನ ತಲೆಯಲ್ಲಿ ಡಾಕ್ಟರು ಹೇಳಿದ ಒಂದು ವರ್ಷ ಓಡುತ್ತಿತ್ತು. "ಕೈ ನಡುಗೋದು ಗೊತ್ತಿದ್ದೂ ಯಾಕೆ ಇಟ್ಕೊಂಡ್ರಿ ಅಜ್ಜಾರೆ? ಆಗಲ್ಲ ಅಂತ ಮೊದ್ಲೇ ಹೇಳಿದ್ರೆ ಬೇರೆ ಕಡೆ ಕೊಡ್ತಿರ್ಲಿಲ್ವಾ?" ಅಂದೆ. ಪಕ್ಕದಲ್ಲಿ ಮಿಕ್ಸಿ ತಂದಿದ್ದ ಇಬ್ಬರು ಹೆಂಗಸರಿದ್ದರು. ಅವರೆದುರಿಗೇ ಅಂದೆ. ಅಜ್ಜ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಲು ಎರಡು ಸಲ ಪ್ರಯತ್ನಪಟ್ಟರು. ಆಮೇಲೆ ಸೆಟ್ಟನ್ನು ಅದೇ ಬಿಳಿ ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ನನಗೆ ಕೊಟ್ಟರು.

ಶಿವಮೊಗ್ಗದ ಅಂಗಡಿಯವನು ಅದನ್ನು ಬಿಚ್ಚಲೂ ಇಲ್ಲ. "ಇದೆಲ್ಲ ಈಗ ಯಾರು ಮಾಡ್ತಾರೆ ಮೇಡಂ, ಮೊಬೈಲಲ್ಲೇ ಆಡಿಸಿ" ಅಂದ. ಮೊಬೈಲಿನ ಗಾಜಿನ ಮೇಲೆ ಸವರುವುದಕ್ಕೆ ಬೆರಳು ಒತ್ತಬೇಕಿಲ್ಲ. ನಮಗೆ ಬೇಕಾದದ್ದು ಒತ್ತುವ ಗುಂಡಿ. ಅಲ್ಲಿಂದ ವಾಪಸ್ ಬರುವಾಗ ಶಿಕಾರಿಪುರದಲ್ಲಿ ಇಳಿದೆ. ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅಜ್ಜ ಬಟ್ಟೆಯ ಗಂಟು ನೋಡಿ, "ಇಡು ಅಲ್ಲಿ. ಇವತ್ತು ಬಂದೈತಿ, ನಾಳೆ ನೋಡೋಣು" ಅಂದರು. ಜೋಡಿಸಿದ ಮಾತು ಆಡದೆಯೇ ಗಂಟನ್ನು ಅಲ್ಲಿಟ್ಟೆ.

ಆಮೇಲೆ ಅವರೇ ಕೇಳಿದರು. "ಆಡೋರು ಯಾರು ತಂಗಿ? ಮಕ್ಕಳಾದ್ರೆ ಇಷ್ಟು ದಿನ ಕಾಯೋದಿಲ್ಲ."

ನಾನು ಅಳುತ್ತಾ ಎಲ್ಲ ಹೇಳಿದೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. ತಮ್ಮನ ಎಡಗೈ ಹೇಗಿದೆ ಅಂತ ಮಾತ್ರ ಕೇಳಿದರು. ಮುಂದಿನ ಮಂಗಳವಾರ, ಅಂಗಡಿಗೆ ರಜೆಯ ದಿನ, ಸೆಟ್ಟು, ಕಡ್ಡಿ, ಚಿಮಟಗಳನ್ನು ಕೈಚೀಲಕ್ಕೆ ತುಂಬಿಕೊಂಡು ಬಸ್ಸಿನಲ್ಲಿ ಸೊರಬಕ್ಕೆ ಬಂದರು. ತಮ್ಮ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಜ್ಜ ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, ನನ್ನ ಸ್ಟೆಬಿಲೈಸರಿನ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳತೊಡಗಿದರು. ಸ್ವಲ್ಪ ಹೊತ್ತಿಗೆ ಒಳಗಿಂದ ದನಿ ಬಂತು: "ನಂಗೂ ಒಂದು ಹಾಕಿಟ್ಟಾಳೆ ಅಜ್ಜಾರೆ."

ಅಜ್ಜ ನನ್ನ ಕಡೆ ತಿರುಗಲೂ ಇಲ್ಲ. "ಹೊರಗ ಬಾ ತಮ್ಮಾ. ನನ್ನ ಕೈ ನಿಲ್ಲಂಗಿಲ್ಲ, ನಿನ್ನ ಕೈ ಏಳಂಗಿಲ್ಲ. ನಾ ಜಾಗ ತೋರಿಸ್ತೀನಿ, ನೀ ಬೆಸುಗೆ ಹಾಕು."

ಅಜ್ಜ ಬೋರ್ಡನ್ನು ಮೇಜಿಗೆ ಒತ್ತಿ ಹಿಡಿದರು. ಒತ್ತಿದರೆ ನಡುಕ ಕಡಿಮೆ. ತಮ್ಮನ ಎಡಗೈಯಲ್ಲಿ ಕಡ್ಡಿ, ಬಲಗೈಯಲ್ಲಿ ಸಣ್ಣ ವೈರು ಹಿಡಿಯಲು ಚಿಮಟ. ಹಿಡಿದ, ಹೇಗೋ ಹಿಡಿದ. ಬೆಸುಗೆಯೂ ಕೂತಿತು. ಆದರೆ ಬಿಡಲು ಆಗಲಿಲ್ಲ. ನಾವೆಲ್ಲ ಅವನಿಗೆ ಹಿಸುಕು ಹಿಸುಕು ಅಂತ ಚೆಂಡು ಕೊಟ್ಟಿದ್ದೆವು. ಆ ಕೈಗೆ ಕಷ್ಟವಾಗಿದ್ದದ್ದು ಹಿಡಿಯುವುದಲ್ಲ, ಹಿಡಿದದ್ದನ್ನು ಬಿಡುವುದು. ಗಾಬರಿಯಾಗಿ ಅವನು ಇಡೀ ತೋಳನ್ನೇ ಜಗ್ಗಿದ. ವೈರು ಕಿತ್ತು ಬಂತು, ಬೋರ್ಡು ಜಾರಿತು, ಇನ್ನೊಂದು ಕೈಯ ಕಡ್ಡಿ ಅಜ್ಜನ ಹೆಬ್ಬೆರಳಿಗೆ ತಾಗಿತು. ನಾನು ಕಿರುಚಿ ಮುಂದೆ ಹೋದೆ. ಅಜ್ಜ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು, ಇನ್ನೊಂದು ಕೈಯಿಂದ ನನ್ನನ್ನು ತಡೆದರು. ತಮ್ಮನ ಮುಖ ಬೂದಿಯಾಗಿತ್ತು. ಚಿಮಟ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು. ಅಜ್ಜ ಅದನ್ನು ಕಸಿಯಲಿಲ್ಲ. ಅದು ತಾನಾಗಿ ಬೀಳುವವರೆಗೆ ಮೂವರೂ ಕಾದೆವು.

ಬಿದ್ದ ಮೇಲೆ, "ಮತ್ತ ಹಿಡಿ" ಅಂದರು.

ಸೆಟ್ಟು ಸರಿಹೋದದ್ದು ನಾಲ್ಕನೇ ಮಂಗಳವಾರ. ಅಜ್ಜ ತಮ್ಮ ಅಂಗಡಿಯ ಡಬ್ಬಾ ಟಿವಿಯೊಂದನ್ನೂ ಕರೆಂಟನ್ನು ನೂರು ವೋಲ್ಟಿಗೆ ಇಳಿಸುವ ಪೆಟ್ಟಿಗೆಯೊಂದನ್ನೂ ಬಸ್ಸಿನ ಮೇಲೆ ಹಾಕಿಸಿ ಕಳಿಸಿದ್ದರು. ಚಿತ್ರ ಬಂತು, ಬಣ್ಣ ಬರಲಿಲ್ಲ. "ಅವರ ದೇಶದ ಬಣ್ಣ ಈ ಟಿವಿಗೆ ತಿಳಿಯಂಗಿಲ್ಲ. ಇರ್ಲಿ ಬಿಡು, ನಾವೆಲ್ಲ ಕಪ್ಪು ಬಿಳುಪಿನಾಗೇ ಬೆಳೆದೋರು" ಅಂದರು. ಕ್ಯಾಸೆಟ್ಟಿನ ಜಪಾನಿ ಹೆಸರು ಓದುವವರಾರು? ಒಂದೊಂದನ್ನೇ ಹಾಕಿ ನೋಡಿ, ಅಂಟುಪಟ್ಟಿಯ ಮೇಲೆ ಅಜ್ಜ ತಾವೇ ಕನ್ನಡದಲ್ಲಿ ಹೆಸರು ಬರೆದು ಅಂಟಿಸಿದರು: 'ಕಪ್ಪೆ', 'ಎರಡು ಕಾರು', 'ಟೊಪ್ಪಿಗೆ ಹುಡುಗಿ', 'ಏನೂ ತಿಳಿಯಲಿಲ್ಲ'. ಒಂದು ತಿಂಗಳಿಗೆ ಎರಡೋ ಮೂರೋ. ಪೆನ್ನು ಒತ್ತಿ ಹಿಡಿದು ಬರೆದ ಮೊದಲ ಪಟ್ಟಿಗಳ ಅಕ್ಷರ ದುಂಡಗಿವೆ. ಇಪ್ಪತ್ತು ದಾಟಿದ ಮೇಲಿನವು ನಮಗೆ ಗೊತ್ತಿರುವುದರಿಂದ ಓದಬಹುದು, ಅಷ್ಟೆ.

ತಮ್ಮ ಆಡುತ್ತಿದ್ದದ್ದು ಹೆಚ್ಚಾಗಿ 'ಟೊಪ್ಪಿಗೆ ಹುಡುಗಿ'. ಗುಂಡಿ ಒತ್ತಿದಷ್ಟು ಹೊತ್ತು ಅವಳು ಓಡುತ್ತಾಳೆ, ಹೊಂಡದ ಅಂಚಿನಲ್ಲಿ ಬಿಟ್ಟರೆ ನಿಲ್ಲುತ್ತಾಳೆ. ಅವನ ಹೆಬ್ಬೆರಳು ಬಿಡುತ್ತಿರಲಿಲ್ಲ, ಅವಳು ಹೊಂಡಕ್ಕೆ ಬೀಳುತ್ತಿದ್ದಳು. ದಿನಕ್ಕೆ ನೂರು ಸಲ. ರಿಮೋಟನ್ನು ಗೋಡೆಗೆ ಎಸೆದ, ನನ್ನನ್ನು ಬೈದ, ಹದಿನೈದು ದಿನ ಮುಟ್ಟಲೇ ಇಲ್ಲ. ಡಾಕ್ಟರು ಹೇಳಿದ ವರ್ಷ ಹೊಂಡದ ಈಚೆಗೇ ಮುಗಿದುಹೋಯಿತು. ನಾನು ಎಷ್ಟೋ ಸಲ ಪಕ್ಕದಲ್ಲಿ ಕೂತು, ಅಂಚು ಬಂದಾಗ ಅವನ ಹೆಬ್ಬೆರಳನ್ನು ನಾನೇ ಎತ್ತಿಬಿಡುತ್ತಿದ್ದೆ. ಅಜ್ಜ ಅದನ್ನು ನೋಡಿದ ದಿನ ಮಾತ್ರ ನನಗೆ ಗದರಿದರು. "ಬೀಳ್ಲಿ ಬಿಡು ತಂಗಿ! ಬಿದ್ರೆ ಸಾಯ್ತಾಳೇನು? ಮತ್ತ ಎದ್ದು ಬರ್ತಾಳ."

ಅವರಿಗಿದ್ದ ನಡುಗುವ ರೋಗ ಏನೆಂದು, ನಾನು ಅಂಗಡಿಯಲ್ಲಿ ಅವರ ಕೈಯ ಬಗ್ಗೆ ಆ ಮಾತು ಆಡುವುದಕ್ಕೆ ಮೊದಲೇ ಅವರಿಗೆ ತಿಳಿದಿತ್ತಂತೆ. ಸೂಕ್ಷ್ಮ ಕೆಲಸಗಳನ್ನೆಲ್ಲ ಆಗಲೇ ವಾಪಸ್ ಕಳಿಸುತ್ತಿದ್ದರಂತೆ. ನನ್ನದೊಂದನ್ನು ಮಾತ್ರ ಆಸೆಪಟ್ಟು ಇಟ್ಟುಕೊಂಡಿದ್ದರು. "ಜಪಾನಿನೋರ ಬೆಸುಗೆ ಒಂದ್ಸಲ ಕೈಯಾರೆ ಬಿಚ್ಚಿ ನೋಡ್ಬೇಕು ಅಂದಿದ್ರು" ಎಂದು ಅವರ ಮಗಳು ಹೇಳಿದ್ದು, ಅವರು ತೀರಿಹೋದ ದಿನ. ಒಂದೂವರೆ ವರ್ಷ ಮಂಗಳವಾರ ಮಂಗಳವಾರ ನನ್ನ ಮನೆಯ ಚಹಾ ಕುಡಿದ ಮನುಷ್ಯನಿಗೆ ನಾನು ತಪ್ಪಾಯಿತು ಅಂತ ಹೇಳಲಿಲ್ಲ. ಮುಂದಿನ ವಾರ ಹೇಳೋಣ ಅಂತ ಇದ್ದೆ. ಎಲ್ಲದಕ್ಕೂ ಅವಸರ ಮಾಡುವವಳು ಇದೊಂದಕ್ಕೆ ಮಾಡಲಿಲ್ಲ.

ಸುದ್ದಿ ಬಂದಾಗ ತಮ್ಮ ತಾನೂ ಬರುತ್ತೇನೆ ಅಂದ. ಸ್ಟ್ರೋಕ್ ಆದ ಮೇಲೆ ಅವನು ಬಸ್ಸು ಹತ್ತಿರಲಿಲ್ಲ. ಹಳೆಯ ಡ್ರೈವರು ಅವನನ್ನು ಕಂಡು ಕೆಳಗಿಳಿದು ಬಂದ. ತಮ್ಮ ಅವನ ಕೈ ಸರಿಸಿ, ಎಡಗೈಯಲ್ಲಿ ಕಂಬಿ ಹಿಡಿದು ತಾನೇ ಹತ್ತಿದ.

ಅವರ ಪದ್ಧತಿಯಂತೆ ಅಜ್ಜನನ್ನು ಕೂರಿಸಿದ್ದರು. ವಿಭೂತಿ ಹಚ್ಚಿದ ಆ ಕೈಗಳು ನಡುಗದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೆಬ್ಬೆರಳಿನ ಕಲೆ ವಿಭೂತಿಯಲ್ಲಿ ಮುಚ್ಚಿಹೋಗಿತ್ತು. ಗುಂಡಿಗೆ ಇಳಿಸಿದ ಮೇಲೆ ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿ ಮುಂದೆ ಹೋಗುತ್ತಿದ್ದರು. ನಾನು ಹಾಕಿದೆ. ನನ್ನ ಹಿಂದೆ ತಮ್ಮ ಬಗ್ಗಿ ಮಣ್ಣು ಎತ್ತಿದ. ಬಲಗೈಯಲ್ಲಿ ಎತ್ತಿದ.

ಕೈ ಚಾಚಿ ನಿಂತ. ಮುಷ್ಟಿ ಬಿಚ್ಚಲಿಲ್ಲ. ಹಿಂದೆ ಸಾಲು ನಿಂತಿತು, ಯಾರೋ ಕೆಮ್ಮಿದರು, "ಮುಂದ ಹೋಗ್ರಿ" ಅಂತ ಇನ್ಯಾರೋ ಅಂದರು. ಅವನ ಬೆರಳ ಗೆಣ್ಣು ಬೆಳ್ಳಗಾಗಿತ್ತು. ನನ್ನ ಕೈ ತನ್ನಷ್ಟಕ್ಕೆ ಅವನ ಮುಷ್ಟಿಯ ಕಡೆ ಹೋಯಿತು, ಕಿರುಬೆರಳನ್ನು ಮುಟ್ಟಿಯೂ ಬಿಟ್ಟಿತು.

"ಬ್ಯಾಡ ಅಕ್ಕ" ಅಂದ.

ನಾನು ಕೈ ಹಿಂದಕ್ಕೆ ತೆಗೆದು ಸೆರಗಿನೊಳಗೆ ಇಟ್ಟುಕೊಂಡೆ. ಸಾಲಿನವರ ಕಡೆ ತಿರುಗಿ, "ಸ್ವಲ್ಪ ತಡೀರಿ" ಅಂದೆ. ಎಲ್ಲರೂ ಕಾದರು. ಮೊದಲು ಹೆಬ್ಬೆರಳು ಎದ್ದಿತು, ಆಮೇಲೆ ಒಂದೊಂದಾಗಿ ಉಳಿದವು, ಮಣ್ಣು ಉದುರಿ ಅಜ್ಜನ ಮಡಿಲಿಗೆ ಬಿತ್ತು.