ಹೆಸರು ಕೂಗುವ ಮಿಷನ್ನು

ಹೊಸ ಸಾಫ್ಟ್‌ವೇರಿನಲ್ಲಿ ಏನೇನು ಇರಬೇಕು ಅಂತ ಜನರನ್ನ ಕೇಳಿಕೊಂಡು ಬರೋದು ನನ್ನ ಕೆಲಸ. ಹಾಗೇ ಸುಗಟೂರಿನ ಹಾಲಿನ ಡೈರಿಗೆ ಹೋಗಿದ್ದೆ. ರತ್ನಮ್ಮ ಅನ್ನೋರು ಹಾಲು ಸುರಿದ ತಕ್ಷಣ ಅಳತೆ ಮಾಡೋ ಹಳೇ ಮಿಷನ್ನು "ಮುನಿವೆಂಕಟಪ್ಪ" ಅಂತ ಕೂಗಿತು.

"ಯಾರಮ್ಮ ಅದು?"

"ನಮ್ಮ ಯಜಮಾನ್ರು. ಹೋದ ವರ್ಷ ತೀರ್ಕೊಂಡ್ರು. ಖಾತೆ ಇನ್ನೂ ಅವರ ಹೆಸರಲ್ಲೇ ಐತೆ."

"ಹೊಸದರಲ್ಲಿ ನಿಮ್ಮ ಹೆಸರೇ ಬರೋ ಹಂಗೆ ಮಾಡ್ತೀವಿ ಬಿಡಿ."

"ಬ್ಯಾಡ ಸಾರ್. ಗಂಡನ ಹೆಸರು ನಾನು ಬಾಯಲ್ಲಿ ಹೇಳಂಗಿಲ್ಲ. ಊರಲ್ಲಿ ಈಗ ಯಾರೂ ಆ ಹೆಸರು ಎತ್ತಲ್ಲ. ಎರಡು ಹೊತ್ತೂ ಇದೊಂದು ಹೇಳ್ತೈತೆ. ಇರ್ಲಿ."

ಅದನ್ನೇ ಬರೆದು ಕಳಿಸಿದೆ. ನಮ್ಮ ತಂಡದವರು ಪುಣೆಯಲ್ಲಿ ಇಬ್ಬರು, ಪೋಲೆಂಡಿನಲ್ಲಿ ಒಬ್ಬ. ಯಾರೂ ಈ ಡೈರಿ ನೋಡಿದವರಲ್ಲ. ವಿಡಿಯೋ ಮೀಟಿಂಗಿನಲ್ಲಿ, ಇದರಿಂದ ಬಳಸೋರಿಗೆ ಏನು ಲಾಭ ಅಂತ ಕೇಳಿದರು. ಕನ್ನಡದಲ್ಲಿ ಗೊತ್ತಿದ್ದ ಉತ್ತರ ಇಂಗ್ಲಿಷಿನಲ್ಲಿ ಬಾಯಿಗೆ ಬರಲಿಲ್ಲ. ಹೆಸರೇ ಬೇಡ, ಒಂದು ಬೀಪ್ ಸಾಕು, ಕ್ಯೂ ಬೇಗ ಕರಗುತ್ತೆ ಅಂತ ತೀರ್ಮಾನವಾಯಿತು.

ಹೊಸ ಮಿಷನ್ನು ಬಂದ ಮೇಲೆ ಮತ್ತೆ ಹೋದೆ. ರತ್ನಮ್ಮ ಹಾಲು ಸುರಿದರು. ಬೀಪ್ ಅಂತು. ಅವರು ಖಾಲಿ ಕ್ಯಾನು ಹಿಡಿದು ಅಲ್ಲೇ ನಿಂತಿದ್ದರು. ಹಿಂದಿದ್ದವರು "ಆಯ್ತಲ್ಲ ರತ್ನಕ್ಕ, ನಡಿ" ಅಂದ ಮೇಲೇ ಸರಿದದ್ದು.

ಕ್ಯೂ ಅಂದುಕೊಂಡಷ್ಟು ಬೇಗ ಕರಗ್ತಿಲ್ಲ ಅನ್ನೋದನ್ನ ಪುಣೆಯವರಿಗೆ ನಾನಿನ್ನೂ ಹೇಳಿಲ್ಲ.